ಖಾನಾಪುರ ರಸ್ತೆ ಕಡೆಯ ಲೇಔಟ್: ಗುಡ್ಡ ಕಾಣುವ ಸೈಟು ತಗೋಬಹುದೇ?

ವಿಜಯಪುರ, ಬಾಗಲಕೋಟೆಯ ಬಿಸಿಲಿಗೆ ಬೇಸತ್ತವರು ಬೆಳಗಾವಿಯಲ್ಲಿ ಸೈಟು ಹುಡುಕೋದು ಸಹಜ. ಸುಮಾರು 750 ಮೀಟರ್ ಎತ್ತರದ ಊರು. ಮೇ ಸಂಜೆ ಪಶ್ಚಿಮದ ಗಾಳಿ ಬೀಸಿದರೆ ಕೂಲರ್ ನೆನಪಾಗದು. ಗುಡ್ಡ ಕಾಣುತ್ತದೆಂದು ಈ ಲೇಔಟಿನ ಪಶ್ಚಿಮದ ಸಾಲಿಗೆ ದರ ಜಾಸ್ತಿ ಹೇಳ್ತಾರೆ. ನೋಟವೇನೋ ಚಂದ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಇರಚಲು ಹೊಡೆಯೋದೂ ಅದೇ ದಿಕ್ಕಿನಿಂದ. ಕಿಟಕಿ ಮೇಲೆ ಒಂದೂವರೆ ಅಡಿ ಸಜ್ಜಾ ಸಾಲದು, ಎರಡೂವರೆ ಬೇಕು. ಕಿಟಕಿಯ ಕೆಳಗಿನ ಕಲ್ಲು ಹೊರಕ್ಕೆ ಇಳಿಜಾರಾಗಿರಲಿ. ಇಲ್ಲದಿದ್ದರೆ ಮೂಲೆಯಿಂದ ಒಳಗೋಡೆಗೆ ತೇವ ಹತ್ತಿ ಪುಟ್ಟಿ ಪದರು ಪದರಾಗಿ ಏಳುತ್ತದೆ. ತಗ್ಗಿನ ಸೈಟುಗಳು ಎರಿಮಣ್ಣಿನವು: ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ನೆಲ. ಪಾಯ ಕೆಳಗಿನ ಗಟ್ಟಿ ಗರಸಿನವರೆಗೆ (ಕಲ್ಲು ಬೆರೆತ ಮಣ್ಣು) ಇಳಿಯಲೇಬೇಕು. ಗಟಾರ ಕೆಲಸವಂತೂ ಕಳಪೆ. ಮುಂಗಡ ಕೊಡೋ ಮುಂಚೆ ಆಷಾಢದಲ್ಲೊಮ್ಮೆ ಹೋಗಿ ನೋಡಿ.