ಪ್ಲೇಪಂಪ್: ಮಕ್ಕಳ ಆಟಕ್ಕೆ ಕಟ್ಟಿದ ಗಾಣ

ಪ್ಲೇಪಂಪ್ ಬಗ್ಗೆ ಮೊದಲ ಸಲ ಕೇಳಿದವರೆಲ್ಲ ‘ಛೆ, ಇದು ನಮಗ್ಯಾಕೆ ಹೊಳೆಯಲಿಲ್ಲ’ ಅಂದುಕೊಳ್ಳುತ್ತಾರೆ. ಕೊಳವೆಬಾವಿಯ ಮೇಲೆ ಮಕ್ಕಳಾಡುವ ಗಿರಗಿಟ್ಲೆ. ಅದು ತಿರುಗಿದ ಹಾಗೆ ಒಳಗಿನ ಸರಳು ಮೇಲೆ ಕೆಳಗೆ ಆಡುತ್ತದೆ, ನೀರು 7 ಮೀಟರ್ ಎತ್ತರದಲ್ಲಿರುವ 2500 ಲೀಟರ್ ಟ್ಯಾಂಕಿಗೆ ಏರುತ್ತದೆ, ಕೆಳಗೆ ನಲ್ಲಿ ತಿರುಗಿಸಿದರೆ ಬರುತ್ತದೆ. ಟ್ಯಾಂಕಿನ ನಾಲ್ಕು ಬದಿಗೂ ಫಲಕ: ಎರಡರಲ್ಲಿ ಆರೋಗ್ಯದ ಮಾತು, ಎರಡರಲ್ಲಿ ಜಾಹೀರಾತು. ಜಾಹೀರಾತಿನ ದುಡ್ಡಿನಲ್ಲಿ ರಿಪೇರಿ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಈ ಯಂತ್ರಕ್ಕೆ 2000ದಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಬಂತು. 2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಕಟ್ಟಿದ ಕ್ಲಿಂಟನ್ ಗ್ಲೋಬಲ್ ಇನಿಶಿಯೇಟಿವ್ ವೇದಿಕೆಯಲ್ಲಿ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. 2010ರೊಳಗೆ 4000 ಪಂಪು, ಒಂದು ಕೋಟಿ ಜನರಿಗೆ ನೀರು ಅನ್ನುವುದು ಗುರಿ. ಆ 2010 ಬರುವ ಹೊತ್ತಿಗೆ ಅಮೆರಿಕದ ಪ್ಲೇಪಂಪ್ಸ್ ಇಂಟರ್‌ನ್ಯಾಷನಲ್ ಉಳಿದ ಸರಕನ್ನು ವಾಟರ್ ಫಾರ್ ಪೀಪಲ್ ಸಂಸ್ಥೆಗೆ ಒಪ್ಪಿಸಿ ಬಾಗಿಲು ಹಾಕಿತ್ತು.

ಯಾರ ಉದ್ದೇಶವೂ ಕೆಟ್ಟದಿರಲಿಲ್ಲ. ಲೆಕ್ಕ ಕೆಟ್ಟಿತ್ತು. ಅದೂ ದೊಡ್ಡ ಲೆಕ್ಕವೇನಲ್ಲ, ಲಕೋಟೆಯ ಹಿಂಬದಿಯಲ್ಲಿ ಮಾಡಿ ಮುಗಿಸುವಂಥದ್ದು.

ಒಂದು ಕೋಟಿ ಜನಕ್ಕೆ 4000 ಪಂಪು ಅಂದರೆ ಪಂಪಿಗೆ 2500 ಜನ. ತಲೆಗೆ ದಿನಕ್ಕೆ 15 ಲೀಟರ್ ಅಂತ ಹಿಡಿಯೋಣ. ನಿರಾಶ್ರಿತರ ಶಿಬಿರಗಳಿಗೆ ಹಾಕಿಕೊಂಡ ಕನಿಷ್ಠ ಗುರಿಯೂ ಸಾಮಾನ್ಯವಾಗಿ ಇಷ್ಟೇ. ದಿನಕ್ಕೆ 37,500 ಲೀಟರ್ ಬೇಕಾಯಿತು. 40 ಮೀಟರ್ ಆಳದಿಂದ, ನಿಮಿಷಕ್ಕೆ 16 ಸುತ್ತು ತಿರುಗಿದರೆ ಗಂಟೆಗೆ 1400 ಲೀಟರ್ ಬರುತ್ತದೆ ಅಂತ ಮಾರಾಟದವರೇ ಹೇಳಿದ್ದರು. ಭಾಗಿಸಿದರೆ 26 ಗಂಟೆ 47 ನಿಮಿಷ. ದಿನದಲ್ಲಿ ಅಷ್ಟು ಗಂಟೆಯೇ ಇಲ್ಲ.

ಇನ್ನು ಆ 1400 ಲೀಟರ್ ಆದರೂ ನಿಜವೇ ನೋಡೋಣ. 40 ಮೀಟರ್ ಆಳ, ಮೇಲೆ ಟ್ಯಾಂಕಿನ 7, ಒಟ್ಟು 47 ಮೀಟರ್. ಗಂಟೆಗೆ 1400 ಲೀಟರ್ ನೀರನ್ನು ಅಷ್ಟು ಎತ್ತಲು ಸುಮಾರು 180 ವ್ಯಾಟ್ ಬೇಕು. ಇದು ಬರೀ ನೀರಿನ ಲೆಕ್ಕ. ಬೇರಿಂಗು, ವಾಷರು, ಪೈಪಿನ ತಿಕ್ಕಾಟ ಬೇರೆ. ಗಟ್ಟಿಮುಟ್ಟಾದ ವಯಸ್ಕ ಆಳು ಗಂಟೆಗಟ್ಟಲೆ ಕೊಡಬಲ್ಲದ್ದು 75 ವ್ಯಾಟ್ ಆಸುಪಾಸು. ಅಂದರೆ ಬೆವರು ಸುರಿಸುವ ಮೂರು ಆಳು ಮಾಡುವ ಕೆಲಸವನ್ನು ಎಂಟು ಹತ್ತು ವರ್ಷದ ಮಕ್ಕಳ ‘ಆಟ’ದ ಲೆಕ್ಕಕ್ಕೆ ಬರೆದುಕೊಂಡಿದ್ದರು. ಪುಗಸಟ್ಟೆ ಶಕ್ತಿ ಅನ್ನುವುದು ಎಲ್ಲೂ ಇಲ್ಲ, ಮಕ್ಕಳಲ್ಲೂ ಇಲ್ಲ.

ಗಿರಗಿಟ್ಲೆಯ ಮಜಾ ಇರುವುದೇ ಒಮ್ಮೆ ತಳ್ಳಿ ಹತ್ತಿ ಕೂತರೆ ತಾನಾಗಿ ಸುತ್ತುವುದರಲ್ಲಿ. ಕೆಳಗೆ ನೀರಿನ ಕಂಬ ನೇತುಹಾಕಿದ ಮೇಲೆ ತಳ್ಳುವುದು ನಿಲ್ಲಿಸಿದ ಗಳಿಗೆಗೆ ಚಕ್ರವೂ ನಿಲ್ಲುತ್ತದೆ. ಮಕ್ಕಳು ಬೇಗ ಬೇಸತ್ತರು. ಉಳಿದವರು ಹೆಂಗಸರು. ತೊಡೆಯೆತ್ತರದ ಕಂಬಿಗೆ ಬಗ್ಗಿ, ಗಾಣದೆತ್ತಿನ ಹಾಗೆ ಸುತ್ತುವುದು ಅವರ ಪಾಲಿಗೆ ಬಂತು. ಹೊಲಕ್ಕೆ ಹೋಗುವ ಮುನ್ನ, ಊರವರು ನೋಡುತ್ತಿರುವಾಗ, ಬೆನ್ನಿಗೆ ಕೂಸು ಕಟ್ಟಿಕೊಂಡು ಆಟದ ಚಕ್ರ ತಳ್ಳುವುದರ ಮುಜುಗರ ಯಾವ ಯೋಜನಾ ವರದಿಯಲ್ಲೂ ನಮೂದಾಗುವುದಿಲ್ಲ.

ಈಗ ಪಕ್ಕದಲ್ಲಿ ಸಾಮಾನ್ಯ ಕೈಪಂಪನ್ನು ಇಟ್ಟು ನೋಡಿ. 1970ರ ದಶಕದಲ್ಲಿ ಭಾರತದಲ್ಲಿ ರೂಪುಗೊಂಡು ಆಫ್ರಿಕಾದ ಉದ್ದಗಲಕ್ಕೂ ಹೋದ ಇಂಡಿಯಾ ಮಾರ್ಕ್ 2. ನೋಡಲು ಏನೂ ಅಂದವಿಲ್ಲ. ಸಿಲಿಂಡರಿನ ಒಳವ್ಯಾಸ 63.5 ಮಿಲಿಮೀಟರ್, ಪಿಸ್ಟನ್ ಓಡಾಟ 125 ಮಿಲಿಮೀಟರ್, ಒಂದು ಒತ್ತಿಗೆ ಲೀಟರಿನ ಐದರಲ್ಲಿ ಎರಡು ಪಾಲು. ನಿಮಿಷಕ್ಕೆ 40 ಒತ್ತು ಅಂದರೆ ಹೆಚ್ಚುಕಡಿಮೆ 16 ಲೀಟರ್. 30 ಮೀಟರ್ ಆಳದಿಂದ ಅಷ್ಟು ನೀರೆತ್ತಲು ಬೇಕಾದ ಶಕ್ತಿ 78 ವ್ಯಾಟ್, ಸರಿಯಾಗಿ ಒಬ್ಬ ಆಳಿನದು. ಪಿಸ್ಟನ್ ಮೇಲೆ ನಿಂತ ನೀರಿನ ಭಾರ 95 ಕೆಜಿ. ಹಿಡಿಕೆಯ ಸನ್ನೆ ಎಂಟಕ್ಕೆ ಒಂದು, ಹಾಗಾಗಿ ಕೈಗೆ ಸಿಗುವುದು 12 ಕೆಜಿ. ನಿಂತಲ್ಲೇ ನಿಂತು, ಮೈಭಾರ ಬಿಟ್ಟು ಒತ್ತಿದರಾಯಿತು. 20 ಲೀಟರ್ ಕ್ಯಾನಿಗೆ ಐವತ್ತು ಒತ್ತು. ನೀರು ಸೊಂಡಿಲಿನಲ್ಲೇ ಬೀಳುವುದರಿಂದ 7 ಮೀಟರ್ ಮೇಲೇರಿಸಿ ಮತ್ತೆ ಇಳಿಸುವ ದಂಡದ ಕೆಲಸವಿಲ್ಲ. ಬಾವಿ 15 ಮೀಟರಿನದ್ದಾದರೆ ಆ 7 ಮೀಟರ್ ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಹೆಚ್ಚಿನ ಶ್ರಮ.

ಬೆಲೆ ಕೇಳಿದರೆ ಇನ್ನೂ ಬೇಜಾರು. ಪ್ಲೇಪಂಪ್ ಒಂದಕ್ಕೆ ಸುಮಾರು 14,000 ಡಾಲರ್. ಅದರ ಕಾಲುಭಾಗದಲ್ಲಿ ಕೈಪಂಪು ಕೂರುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಕೊಳವೆಬಾವಿ ಬೇಕಲ್ಲ, ಹಾಗಾಗಿ ಎಷ್ಟೋ ಕಡೆ ಕೆಲಸ ಮಾಡುತ್ತಿದ್ದ ಕೈಪಂಪನ್ನೇ ಕಿತ್ತು ಅದೇ ಬಾವಿಯ ಮೇಲೆ ಚಕ್ರ ಕೂರಿಸಿದರು.

ರಿಪೇರಿಯ ವಿಷಯಕ್ಕೆ ಬಂದರೆ ಜಾಹೀರಾತಿನ ಕಲ್ಪನೆ ಪೂರ್ತಿ ಮಲಗಿತು. ಕೊಳ್ಳುವ ಕೈಯಲ್ಲಿ ಕಾಸಿಲ್ಲದ ಹಳ್ಳಿಯ ಟ್ಯಾಂಕಿನ ಮೇಲೆ ಯಾವ ಕಂಪನಿ ಜಾಹೀರಾತು ಹಾಕೀತು? ಫಲಕಗಳು ಖಾಲಿ ಉಳಿದವು. ಬಿಡಿಭಾಗ ಊರಿನ ಅಂಗಡಿಯಲ್ಲಿ ಸಿಗದು, ಊರಿನ ಮೆಕ್ಯಾನಿಕ್‌ಗೆ ಅದರ ಗುಟ್ಟು ಗೊತ್ತಿಲ್ಲ, ಫೋನು ಮಾಡಿ ಕಾಯಬೇಕು. ತಿಂಗಳುಗಟ್ಟಲೆ ಕಾದ ಹಳ್ಳಿಗಳನ್ನು ಮೊಜಾಂಬಿಕ್‌ನಲ್ಲಿ ತನಿಖೆಗೆ ಹೋದವರು ಕಂಡರು. 2005ರಲ್ಲಿ ಈ ಪಂಪನ್ನು ಕೊಂಡಾಡಿದ್ದ ಅಮೆರಿಕದ ಪಿಬಿಎಸ್ ವಾಹಿನಿಯೇ 2010ರಲ್ಲಿ ಮರಳಿ ಬಂದು ನಿಂತುಹೋದ ಚಕ್ರಗಳನ್ನು ತೋರಿಸಿತು. ದುಡ್ಡು ಹಾಕಿದ್ದ ಕೇಸ್ ಫೌಂಡೇಶನ್ ಅದೇ ವರ್ಷ ‘ಎಣಿಸಿದಂತೆ ಆಗಲಿಲ್ಲ’ ಅಂತ ಬಹಿರಂಗವಾಗಿ ಒಪ್ಪಿಕೊಂಡಿತು. ನೆರವಿನ ಲೋಕದಲ್ಲಿ ಇದು ಅಪರೂಪ, ಮೆಚ್ಚಬೇಕು.

ಹಾಗಂತ ಕೈಪಂಪು ಕೊಟ್ಟು ಬಂದರೆ ಪುಣ್ಯ ಕಟ್ಟಿಟ್ಟ ಬುತ್ತಿ ಅಂತಲೂ ಅಲ್ಲ. ಸಹಾರಾದ ಕೆಳಗಿನ ಆಫ್ರಿಕಾದಲ್ಲಿ ಯಾವ ದಿನ ಹೋಗಿ ಎಣಿಸಿದರೂ ಮೂರರಲ್ಲಿ ಒಂದು ಕೈಪಂಪು ಕೆಟ್ಟು ನಿಂತಿರುತ್ತದೆ ಅನ್ನುವುದು ನೀರಿನ ಕೆಲಸದವರ ಹಳೆಯ ಅಂದಾಜು. ಮಾರ್ಕ್ 2ರಲ್ಲಿ ಅಂಗೈಯಗಲದ ವಾಷರ್ ಬದಲಿಸಲು ಇಡೀ ಪೈಪ್ ಸಾಲನ್ನೇ ಎತ್ತಬೇಕು. 30 ಮೀಟರಿಗೆ ಮೂರು ಮೂರು ಮೀಟರಿನ ಹತ್ತು ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು, ಸರಳು ಸೇರಿ ನೂರು ಕೆಜಿ ದಾಟುತ್ತದೆ. ಕ್ಲ್ಯಾಂಪು, ನಾಲ್ಕಾಳು ಬೇಕು. ಮಾರ್ಕ್ 3ರಲ್ಲಿ ಪೈಪನ್ನು ಅಗಲ ಮಾಡಿ, ಪಿಸ್ಟನ್ ಮಾತ್ರ ಮೇಲೆಳೆಯುವಂತೆ ಇದನ್ನು ಸರಿಪಡಿಸಿದರು. 1980ರ ದಶಕದಲ್ಲಿ ಆಫ್ರಿಕಾದಲ್ಲೇ ಬೆಳೆದ ಆಫ್ರಿದೇವ್ ಇನ್ನೂ ಮುಂದೆ ಹೋಯಿತು: ಪ್ಲಾಸ್ಟಿಕ್ ಪೈಪು, ಪ್ಲಾಸ್ಟಿಕ್ ಬುಶ್ಶು, ಒಂದೇ ಸ್ಪ್ಯಾನರು, ಊರಿನ ಇಬ್ಬರು ಹೆಂಗಸರು ಬಿಚ್ಚಿ ಜೋಡಿಸಬಹುದು. ನೀರಿನ ಪಿಎಚ್ 6.5ಕ್ಕಿಂತ ಕೆಳಗಿದ್ದರೆ, ಅಂದರೆ ನೀರು ಆಮ್ಲೀಯವಾಗಿದ್ದರೆ, ಜಿಐ ಪೈಪು ಮುಟ್ಟಲೇಬೇಡಿ. ತುಕ್ಕು ತಿಂದು ನೀರು ಕೆಂಪಾಗುತ್ತದೆ, ಬಟ್ಟೆಗೆ ಕಲೆ ಹಿಡಿಯುತ್ತದೆ, ಜನ ಸದ್ದಿಲ್ಲದೆ ಹಳೆಯ ಹೊಂಡಕ್ಕೇ ವಾಪಸ್ ಹೋಗುತ್ತಾರೆ. ದಾನ ಕೊಟ್ಟವರ ಪಟ್ಟಿಯಲ್ಲಿ ಮಾತ್ರ ಅದು ‘ಚಾಲೂ ಪಂಪು’.

ಕೆಡುವ ಮುನ್ನ ಪಂಪು ಸುಳಿವು ಕೊಡುತ್ತದೆ, ಪರೀಕ್ಷೆಗೆ ಬೇಕಾದ್ದು ಒಂದು ಬಕೆಟ್ಟು. ಮಾರ್ಕ್ 2ರಲ್ಲಿ 40 ಪೂರ್ತಿ ಒತ್ತು ಎಣಿಸಿ. 15 ಲೀಟರ್ ಬರಬೇಕಾದ್ದು 12ಕ್ಕಿಂತ ಕೆಳಗಿಳಿದಿದ್ದರೆ ಪಿಸ್ಟನ್ನಿನ ವಾಷರ್ ಸವೆದಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಒತ್ತಿ. ಐದು ಒತ್ತಿನೊಳಗೆ ನೀರು ಬಾರದಿದ್ದರೆ, ಪೈಪಿನ ನೀರು ಕೆಳಗಿಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರುತ್ತಿದೆ. ಪಂಪು ಕೊಡುವವರು ಇದನ್ನು ಊರಿನ ಇಬ್ಬರಿಗೆ ಕಲಿಸಿ, ಎರಡು ಜೊತೆ ವಾಷರ್ ಕೈಗಿಟ್ಟು, ಮೂರನೆಯ ಜೊತೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ತೋರಿಸಿ ಬರಬೇಕು. ಆ ಅಂಗಡಿ ಒಂದು ದಿನದಲ್ಲಿ ಹೋಗಿ ಬರುವ ದೂರದಲ್ಲಿ ಇಲ್ಲವಾದರೆ ಆ ಮಾದರಿಯ ಪಂಪೇ ಆ ಊರಿಗೆ ಸಲ್ಲದು.

ಪ್ಲೇಪಂಪಿಗೆ ನಾನು ಕೊಡುವುದು ಐದಕ್ಕೆ ಒಂದೂವರೆ ಅಂಕ. ಆ ಅರ್ಧ ದೊಡ್ಡ ಪ್ರಾಥಮಿಕ ಶಾಲೆಗಳ ಸಲುವಾಗಿ: ನೂರಾರು ಮಕ್ಕಳು, ಹೆಚ್ಚು ಆಳವಿಲ್ಲದೆ ಸಿಗುವ ನೀರು, ಶಾಲೆ ಬಿಟ್ಟ ಮೇಲೆ ಅದನ್ನೇ ನಂಬಿ ಕೂತ ಊರಿಲ್ಲ, ಹತ್ತಿರದಲ್ಲೇ ಸರ್ವಿಸ್ ವ್ಯಾನು. ಅಂಥ ಕಡೆ ಅದು ನಡೆಯುತ್ತದೆ. ಈಗಾಗಲೇ ನಿಂತುಹೋದದ್ದು ನಿಮ್ಮ ಪಾಲಿಗೆ ಬಂದರೆ ಚಕ್ರವನ್ನು ಕಿತ್ತು ಬಾವಿಯ ಮೇಲೆ ಕೈಪಂಪು ಕೂರಿಸಿ. ಬಾವಿಯಲ್ಲಿ ನೀರಿನ ಒಸರು ಚೆನ್ನಾಗಿದ್ದು, ಕೈಯಲ್ಲಿ ದುಡ್ಡೂ ಇದ್ದರೆ ಸೋಲಾರ್ ಪಂಪು ಇಳಿಸಬಹುದು. ಟ್ಯಾಂಕನ್ನು ಮಾತ್ರ ಗುಜರಿಗೆ ಹಾಕಬೇಡಿ. ಬಿಸಿಲು ಇದ್ದಾಗ ತುಂಬಿಟ್ಟು ಸಂಜೆ ಬಿಡಲು 7 ಮೀಟರ್ ಮೇಲಿನ 2500 ಲೀಟರ್ ಹೇಳಿ ಮಾಡಿಸಿದ ಹಾಗಿರುತ್ತದೆ. ಸ್ಟ್ಯಾಂಡಿನ ಬೋಲ್ಟುಗಳನ್ನು ಒಮ್ಮೆ ಬಿಗಿ ಮಾಡಿಸಿ, ಖಾಲಿ ಫಲಕಗಳನ್ನು ಇಳಿಸಿಬಿಡಿ, ಗಾಳಿಗೆ ಸುಮ್ಮನೆ ಹೊಡೆತ ಕೊಡುತ್ತವೆ.