120 ರೂಪಾಯಿಯ ‘ಫ್ಯಾರನ್‌ಹೀಟ್ 451’, 399 ರೂಪಾಯಿಯ ‘ಫ್ಯಾರನ್‌ಹೀಟ್ 451’

ಮೊದಲೇ ಹೇಳಿಬಿಡುತ್ತೇನೆ, ರೇ ಬ್ರ್ಯಾಡ್‌ಬರಿಯ ‘ಫ್ಯಾರನ್‌ಹೀಟ್ 451’ ಓದುವುದಾದರೆ ಅಸಲಿ ಪ್ರತಿಯನ್ನೇ ತಗೊಳ್ಳಿ. ನಾನು ನಕಲಿ ಕೊಂಡು, ಒಂದು ತಿಂಗಳು ಬೇರೆಯದೇ ಕಾದಂಬರಿ ಓದಿದವನ ಹಾಗೆ ವಾದ ಮಾಡಿಕೊಂಡು ತಿರುಗಿದೆ ಮಾರಾಯ್ರೆ.

ಮಂಗಳೂರಿನ ಹಂಪನಕಟ್ಟೆಯ ಫುಟ್‌ಪಾತಿನಲ್ಲಿ 120ಕ್ಕೆ ಸಿಕ್ಕಿತು. ಮುಖಪುಟ ಚೆಂದ, ಅಕ್ಷರ ಸ್ವಲ್ಪ ಮಸುಕು. ನಾನು ಓದುವುದು ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ. ಮುಲ್ಕಿ ದಾಟುವಾಗ ನೋಡಿದರೆ ಓದಿದ ಪುಟಗಳೇ ಮತ್ತೆ ಬರುತ್ತಿವೆ! ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಟ್ಟು, ಎರಡು ಸಲ ಸೇರಿದೆ, ಮುಂದಿನ 16 ಪುಟ ಇಲ್ಲವೇ ಇಲ್ಲ. 16 ಪುಟ ತಾನೇ ಅಂತ ಹಾರಿಸಿ ಓದಿದೆ.

ಹೋಗಿದ್ದು ಯಾವ ಪುಟ ಗೊತ್ತಾ? ಪುಸ್ತಕ ಸುಡುವುದೇ ಕೆಲಸವಾದ ಫೈರ್‌ಮನ್ ಮೊಂಟಾಗ್ ಹುಷಾರಿಲ್ಲ ಅಂತ ಮಲಗಿರುತ್ತಾನೆ. ಮೇಲಧಿಕಾರಿ ಬೀಟಿ ಮನೆಗೇ ಬಂದು, ಪುಸ್ತಕಗಳಿಗೆ ಈ ಗತಿ ಹೇಗೆ ಬಂತು ಅಂತ ಹೇಳುತ್ತಾನೆ. ಇದು ಸರ್ಕಾರದ ಆಜ್ಞೆಯಿಂದ ಶುರುವಾಗಿದ್ದಲ್ಲವಂತೆ. ಜನರೇ ಓದು ಬಿಟ್ಟರು. ಪುಸ್ತಕಗಳನ್ನು ಕುಗ್ಗಿಸುತ್ತಾ ಹೋದರು. ಯಾರಿಗೂ ಬೇಜಾರಾಗಬಾರದು ಅಂತ ಒಂದೊಂದೇ ಕಿತ್ತರು. ಬೆಂಕಿ ಬಂದಿದ್ದು ಆಮೇಲೆ.

ಇದಿಲ್ಲದೆ ಓದಿದರೆ ಕಥೆ ತುಂಬಾ ಸಲೀಸು. ಕೆಟ್ಟ ಸರ್ಕಾರ, ಪಾಪದ ಜನ. ಮಣಿಪಾಲದ ಗೆಳತಿಯ ಹತ್ತಿರ ನಾನು ಅದನ್ನೇ ಜೋರಾಗಿ ಹೇಳಿದೆ.

“ಬೀಟಿ ಹೇಳಿದ್ದು ನೀನು ಓದ್ಲಿಲ್ವಾ?”

“ಎಂತ ಹೇಳಿದ ಅವ?”

ಅವಳು ನಕ್ಕಿದ್ದು ಇನ್ನೂ ನೆನಪಿದೆ. ಮೂರು ಗೋಡೆಗೆ ಟಿವಿ ಇದ್ದರೂ ನಾಲ್ಕನೆಯದು ಬೇಕು ಅನ್ನುವ ಮೊಂಟಾಗ್‌ನ ಹೆಂಡತಿ ಮಿಲ್ಡ್ರೆಡ್ ನನಗೆ ಬರೀ ತಮಾಷೆಯಾಗಿ ಕಂಡಿದ್ದಳು. ಆ ಪುಟಗಳನ್ನು ಓದಿದ ಮೇಲೆ ಎಲ್ಲರಿಗಿಂತ ಜಾಸ್ತಿ ಹೆದರಿಸಿದ್ದು ಅವಳೇ.

ಮೊಬೈಲಿನಲ್ಲೂ ಪ್ರಯತ್ನಿಸಿದೆ. ಪುಟ ಪೂರ್ತಿ ಇತ್ತು. ಆದರೆ ಹೆಜಮಾಡಿ ಬರುವಷ್ಟರಲ್ಲಿ ನಾನು ವಾಟ್ಸಾಪಿನಲ್ಲಿದ್ದೆ.

ಕೊನೆಗೆ 399ರ ಅಸಲಿ ಪ್ರತಿ. ಮಳೆಗಾಲಕ್ಕೆ ರಟ್ಟು ಮಡಚಿಕೊಂಡಿತು, ಅಷ್ಟೇ ದೂರು. 1953ರ ಈ ಕಾದಂಬರಿಗೆ ಬೇಕೆಂದೇ ಕತ್ತರಿ ಹಾಕಿದ್ದೂ ಉಂಟು. 1967ರಲ್ಲಿ ಶಾಲೆಗಳಿಗೆಂದು ತಂದ ಆವೃತ್ತಿಯಲ್ಲಿ ಪ್ರಕಾಶಕರು ಲೇಖಕನಿಗೆ ಹೇಳದೆ ಸುಮಾರು 75 ಕಡೆ ತಿದ್ದಿದರು. ಕುಡುಕನೊಬ್ಬ ಕಾಯಿಲೆಯವನಾಗಿಬಿಟ್ಟ! 1973ರಿಂದ ಅಂಗಡಿಗೆ ಬರುತ್ತಿದ್ದುದು ಆ ತಿದ್ದಿದ ಆವೃತ್ತಿಯೇ. 1979ರಲ್ಲಿ ಬ್ರ್ಯಾಡ್‌ಬರಿಗೆ ಗೊತ್ತಾಗಿ ಗಲಾಟೆ ಮಾಡಿದ ಮೇಲೆ ಮೂಲ ಬರಹ ವಾಪಸ್ ಬಂತು.

ಪುಸ್ತಕಕ್ಕೆ ನಾನು ತಿಂಗಳಿಗೆ 500 ಎತ್ತಿಡುತ್ತೇನೆ. ಇದೊಂದೇ ಕಾದಂಬರಿಗೆ 519 ಹೋಯಿತು, ಮೊಬೈಲಿನದ್ದು ಲೆಕ್ಕಕ್ಕೆ ಹಿಡಿದಿಲ್ಲ. ಒಂದೇ ಪುಸ್ತಕವನ್ನು ಎರಡೆರಡು ಸಲ ಓದುವವನು ನಾನು, ಹಾಗಾಗಿ ಅಸಲಿಗೆ ಕೊಟ್ಟ 399 ಹೊಟ್ಟೆ ಉರಿಸಲಿಲ್ಲ. 120ರದ್ದು ಉರಿಸಿತು. ಅದನ್ನು ವಾಪಸ್ ಕೊಡಲು ಹೋದೆ. ಅಂಗಡಿಯವರು ತಕರಾರು ಮಾಡದೆ ರಾಶಿಯಿಂದ ಇನ್ನೊಂದು ಪ್ರತಿ ತೆಗೆದುಕೊಟ್ಟರು. ಅಲ್ಲೇ ನಿಂತು ಪುಟ ತಿರುಗಿಸಿದೆ. ಅದರಲ್ಲೂ ಬೀಟಿ ಮೊಂಟಾಗ್‌ನ ಮನೆಗೆ ಬಂದಿರಲಿಲ್ಲ.