ಟ್ಯಾಂಕಿನ ತುಕ್ಕು ಬಿಡಿಸಲು ಹೋಗಿ ಟ್ಯಾಂಕನ್ನೇ ಕಳೆದುಕೊಂಡೆ

ಚಿಕ್ಕಪ್ಪನ 1984ರ ಯೆಜ್ಡಿ ರೋಡ್‌ಕಿಂಗ್ ಬೈಕು ಹಾಸನದ ಮನೆಯ ಕೊಟ್ಟಿಗೆಯಲ್ಲಿ ಹನ್ನೆರಡು ವರ್ಷ ನಿಂತಿತ್ತು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಪೆಟ್ರೋಲ್ ಟ್ಯಾಂಕಿನೊಳಗೆಲ್ಲ ಕೆಮ್ಮಣ್ಣು ಬಳಿದ ಹಾಗೆ. ಇದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ, ಅಸಲಿ ಟ್ಯಾಂಕು ಸಿಗುವುದು ಕಷ್ಟ. ಅದು ಗೊತ್ತಿದ್ದೂ ಮೆಕ್ಯಾನಿಕ್ ಒಬ್ಬರ ಮಾತು ಕೇಳಿದೆ: "ಟಾಯ್ಲೆಟ್ ತೊಳೆಯೋ ಆ್ಯಸಿಡ್ ಹಾಕಿ ಒಂದು ರಾತ್ರಿ ಬಿಡಿ ಸಾರ್, ಕನ್ನಡಿ ಥರ ಆಗುತ್ತೆ."

ಆಯಿತು, ಕನ್ನಡಿ ಥರವೇ. ಕೆಳಗಿನ ಬೆಸುಗೆಯುದ್ದಕ್ಕೂ ಸೂಜಿಮೊನೆಯಷ್ಟು ತೂತುಗಳಿಂದ ಬೆಳಕು ಬರುತ್ತಿತ್ತು. ಆ್ಯಸಿಡ್ ತೊಟ್ಟಿಕ್ಕಿದ ಕಡೆ ಬಣ್ಣ ಹಪ್ಪಳದಂತೆ ಎದ್ದಿತ್ತು. ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ತುಕ್ಕು ಮುಗಿದ ಮೇಲೆ ಸುಮ್ಮನಿರುವುದಿಲ್ಲ, ತಗಡನ್ನು ತಿನ್ನುತ್ತದೆ. ತಿನ್ನುತ್ತಾ ಹೈಡ್ರೋಜನ್ ಬಿಡುತ್ತದೆ, ಕಿಡಿ ತಗುಲಿದರೆ ಸಾಕು. ನಾನಿಟ್ಟಿದ್ದು ಬಚ್ಚಲ ಒಲೆಯ ಪಕ್ಕ!

ಎರಡನೇ ತಪ್ಪು ಇನ್ನೂ ದೊಡ್ಡದು. ಬರೀ ನೀರಲ್ಲಿ ತೊಳೆದು ಬಿಸಿಲಿಗಿಟ್ಟೆ, ಗಂಟೆಯೊಳಗೆ ಹೊಸ ತುಕ್ಕು ಹಿಡಿಯಿತು. ತೂತೂ ಮುಚ್ಚೀತು ಅಂತ ಅದರ ಮೇಲೇ ಎಪಾಕ್ಸಿ (ಒಣಗಿದರೆ ಗಟ್ಟಿಯಾಗುವ ಅಂಟಿನಂಥ ಲೇಪ) ಬಳಿಸಿದೆ. ಮೂರು ತಿಂಗಳಿಗೆ ಆ ಲೇಪ ಸಿಪ್ಪೆ ಸುಲಿದು ಪೆಟ್ರೋಲ್ ಕಾಕ್ (ಟ್ಯಾಂಕಿನಡಿಯ ಪೆಟ್ರೋಲ್ ನಲ್ಲಿ) ಕಟ್ಟಿತು. ಚನ್ನರಾಯಪಟ್ಟಣದ ದಾರಿಯಲ್ಲಿ ಗಾಡಿ ನಿಂತಾಗ ಬಗ್ಗಿ ನೋಡಿದೆ: ಪೆಟ್ರೋಲು ಬಿಸಿ ಇಂಜಿನ್ ಮೇಲೆ ತೊಟ್ಟಿಕ್ಕುತ್ತಿತ್ತು. ಆವತ್ತು ಕೈಕಾಲು ನಡುಗಿದ್ದು ಇನ್ನೂ ನೆನಪಿದೆ. ವೆಲ್ಡಿಂಗ್ ಅಂಗಡಿಯವರು ಟ್ಯಾಂಕು ಮೂಸಿ ನೋಡಿ ಮುಟ್ಟುವುದಿಲ್ಲ ಅಂದರು. ಸರಿಯಾಗೇ ಅಂದರು, ಖಾಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆವಿ ಸಿಡಿಯುತ್ತದೆ.

ಕೊನೆಗೆ ಗುಜರಿಯಲ್ಲಿ ಇನ್ನೊಂದು ಟ್ಯಾಂಕು ಸಿಕ್ಕಿತು. ಅದರಲ್ಲೂ ತುಕ್ಕು, ಆದರೆ ತಗಡು ಗಟ್ಟಿ. ಈ ಸಲ ಪೆಟ್ರೋಲ್ ಕಾಕ್ ಬಿಚ್ಚಿ, ತೂತಿಗೆ ರಬ್ಬರ್ ಬಿರಡೆ ಹಾಕಿದೆ. ಹಳೇ ನಟ್ಟುಗಳನ್ನು ಹಾಕಿ ಕುಲುಕಿದೆ (ಎಣಿಸಿ ಹಾಕಿ, ಒಂದು ಒಳಗೇ ಉಳಿದರೆ ಹುಡುಕುತ್ತಾ ಸಾಯಬೇಕು). ಆಮೇಲೆ ಬಿಸಿನೀರಿಗೆ ನಿಂಬೆಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿ ತುಂಬಿ, ಎರಡೆರಡು ಗಂಟೆಗೊಮ್ಮೆ ಇಣುಕಿದೆ. ತುಕ್ಕು ಬಿಟ್ಟ ಕೂಡಲೇ ಅಡುಗೆ ಸೋಡಾ ನೀರಲ್ಲಿ ತೊಳೆದು, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, 2ಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ ಆಯಿಲ್) ಹಾಕಿ ಒಳಗೆಲ್ಲ ಓಡಾಡಿಸಿದೆ. ಲೇಪ ಹಾಕಲಿಲ್ಲ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರು ಹೀರುತ್ತದೆ, ಹಾಗಾಗಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು ವಾರಗಟ್ಟಲೆ ಗಾಡಿ ನಿಲ್ಲಿಸುವುದಿಲ್ಲ.

ಟ್ಯಾಂಕು ಬದಲಾಗಿದ್ದನ್ನು ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ.